ಆ ಕಂಪನಿಯ ಸಂಬಂಧ

ರಾಡ್ನಿ: ನೋಡಮ್ಮ, ಮದುವೆ ಮಾಡ್ಕೋಬೇಡ ಅಂತ ನಾನೆಲ್ಲಿ ಹೇಳ್ದೆ? ಮಾಡ್ಕೋ. ಸುಖವಾಗಿರು. ಗಾಡಿ ಮಾತ್ರ ಕೊಡಲ್ಲ ಅಂದೆ, ಅಷ್ಟೆ.

ಮೇವಿಸ್: ಅಷ್ಟೆ ಅಂತೆ. ಹುಡುಗಿ ಒಪ್ಪಿಗೆ, ದಿಬ್ಬಣ ಬೇಡ ಅಂದ ಹಾಗಾಯ್ತು.

ರಾಡ್ನಿ: ನಿನ್ನ ಮದುಮಗನ ಹತ್ರ ಗಾಡಿ ಇಲ್ವಾ? ಊರಗಲ ಇದೆ. ಅದ್ರಲ್ಲಿ ಹೋಗು.

ಮೇವಿಸ್: ಊರಗಲ ಇರಲಿ ಬಿಡು. ಊರೆತ್ತರಾನೂ ಇದ್ಯಲ್ಲ, ಅದೇ ತೊಂದರೆ.

ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದ ಕೊಯ್ಲು ನಡೆಯುವ ಅಕ್ಟೋಬರ್ ತಿಂಗಳು. ಬೆಳಗ್ಗೆ ನಾಲ್ಕು ಹನಿ ಬಿದ್ದು ಹೊಲ ಒದ್ದೆಯಾದದ್ದರಿಂದ ರಾಡ್ನಿ ಬ್ರಾಕ್‌ಮನ್ ಮನೆಯಲ್ಲೇ ಸಿಕ್ಕಿಬಿದ್ದಿದ್ದ. ಇಲ್ಲದಿದ್ದರೆ ಎಪ್ಪತ್ತಾರು ವರ್ಷದ ತಾಯಿಯ ಕೈಗೆ ಅವನು ಈ ಹೊತ್ತಿನಲ್ಲಿ ಸಿಗುವ ಪೈಕಿಯಲ್ಲ. ಈಗ ಹಳೇ ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಿದ್ದ. ಅವನ ಬೆನ್ನ ಹಿಂದೆ ಟಾರ್ಪಾಲು ಹೊದ್ದು ನಿಂತಿದ್ದದ್ದು ಅವನಪ್ಪ ಹಾರ್ಲನ್‌ನ ಪಿಕಪ್ ಗಾಡಿ, ೧೯೬೬ರದ್ದು. ಆ ವರ್ಷ ಮಾರ್ಚಿನಲ್ಲಿ ಒಂದೇ ವಾರ ಮನೆಗೆ ಗಾಡಿಯೂ ಬಂತು, ರಾಡ್ನಿಯೂ ಹುಟ್ಟಿದ. ಗಾಡಿ ಎರಡು ದಿನ ಮೊದಲು ಬಂದಿತ್ತು, ಹಾಗಾಗಿ ಮನೆಯಲ್ಲಿ ಹಿರಿಯ ಮಗನ ಮರ್ಯಾದೆ ಅದಕ್ಕೇ ಸಲ್ಲುತ್ತಿತ್ತು. ಹಾರ್ಲನ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಆ ಸೀಮೆಯಲ್ಲಿ ಲೆಕ್ಕಕ್ಕೆ ಬರುವ ಪಿಕಪ್ ಕಂಪನಿಗಳು ಎರಡೇ, ಹಾಗಾಗಿ ಮನುಷ್ಯರಲ್ಲೂ ಎರಡೇ ಪಂಗಡ. ಬ್ರಾಕ್‌ಮನ್ನರು ತಾತನ ಕಾಲದಿಂದ ಒಂದು ಕಡೆ. ಮೇವಿಸ್ ಈ ಶನಿವಾರ ಕೈಹಿಡಿಯಲಿದ್ದ ಎಲ್ಡನ್ ವೋಸ್‌ನ ಮನೆಯವರು ಇನ್ನೊಂದು ಕಡೆ. ಹಿಂದಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರದಂತೆ, ಬ್ರಾಕ್‌ಮನ್ನರ ಮನೆಯಲ್ಲಿ ಆ ಇನ್ನೊಂದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೇಳಲೇಬೇಕಾಗಿ ಬಂದರೆ 'ಆ ಕಂಪನಿ' ಎನ್ನುತ್ತಿದ್ದರು, ಅದೂ ಮಕ್ಕಳನ್ನು ಆಚೆ ಕಳಿಸಿ.

ರಾಡ್ನಿ: ಅವರು ಕ್ಯಾಥೊಲಿಕ್ ಅಂದೆ ನೀನು. ನಾನು ಬಾಯಿ ಬಿಟ್ನಾ?

ಮೇವಿಸ್: ಇಲ್ಲ.

ರಾಡ್ನಿ: ಓಟು ಆ ಕಡೆಯವರಿಗೆ ಹಾಕ್ತಾರೆ ಅಂದೆ. ನುಂಗ್ಕೊಂಡೆ. ಕಾಫಿಗೆ ಬಂದು ಅಪ್ಪನ ಕುರ್ಚೀಲಿ ಕೂತ್ರು. ಅದನ್ನೂ ನೋಡ್ಕೊಂಡು ಸುಮ್ನಿದ್ದೆ. ಆದ್ರೆ ಆ ಕಂಪನಿ ಗಾಡಿ ಓಡಿಸಿದ ಕೈ ಅಪ್ಪನ ಸ್ಟೀರಿಂಗ್ ಹಿಡಿಯೋದಾ?

ಮೇವಿಸ್: ಕೈ ತೊಳ್ಕೊಂಡು ಬರ್ತಾರೆ ಬಿಡು.

ರಾಡ್ನಿ: ತಮಾಷೆ ಅಲ್ಲಮ್ಮ. ಮದುವೆ ಗಾಡಿ ಅಂತ ಹಿಂದೆ ಖಾಲಿ ಡಬ್ಬ ಕಟ್ಟಿಕೊಂಡು, ಲೊಟಲೊಟ ಅಂತ ನಡುಬೀದೀಲಿ ಆ ವೋಸ್ ಈ ಗಾಡಿ ಓಡಿಸ್ಕೊಂಡು ಹೋದ್ರೆ ಊರು ಏನನ್ನತ್ತೆ?

ಮೇವಿಸ್: ಮುದುಕಿಗೆ ಮದುವೆ ಆಯ್ತು ಅನ್ನತ್ತೆ.

ರಾಡ್ನಿ: ನನ್ನ ಗಾಡೀಲಿ ನಾನೇ ಕರ್ಕೊಂಡು ಹೋಗ್ತೀನಿ. ಹೊಸದು. ಸೀಟು ತಾನೇ ಹಿಂದೆಮುಂದೆ ಆಗತ್ತೆ. ಕ್ಯಾಮೆರಾ ಇದೆ. ಬೆನ್ನಿಗೆ ಕಾವು ಕೊಡತ್ತೆ.

ಮೇವಿಸ್: ಗೊತ್ತು. ಮೊದಲ ಸಲ ಕೂತಾಗ ಕೆಳಗೆಲ್ಲ ಬೆಚ್ಚಗಾಗಿ, ವಯಸ್ಸಾಯ್ತಲ್ಲ, ಏನೋ ಎಡವಟ್ಟು ಮಾಡ್ಕೊಂಡೆ ಅಂತ ಮನೆ ಬರೋವರೆಗೂ ಉಸಿರು ಬಿಡಲಿಲ್ಲ.

ರಾಡ್ನಿಗೆ ಆ ದಿನ ನೆನಪಿತ್ತು. ತಾಯಿ ಹೊಸ ಗಾಡಿಯ ಅಂದಕ್ಕೆ ಮೂಕಳಾಗಿದ್ದಾಳೆ ಎಂದು ಅವನು ಹೆಂಡತಿಯ ಮುಂದೆ ಹೇಳಿಕೊಂಡಿದ್ದ.

ಮೇವಿಸ್: ನಿಮ್ಮ ತಾತನದು ನಲವತ್ತೆಂಟರ ಗಾಡಿ. ಹೀಟರ್ ಇಲ್ಲ. ಚಳಿಗಾಲದಲ್ಲಿ ನಿಮ್ಮಜ್ಜಿ ಮಡಿಲಲ್ಲಿ ಬಿಸಿ ಇಟ್ಟಿಗೆ ಇಟ್ಕೊಂಡು ಕೂರ್ತಿದ್ರು. ಗಾಜು ಒರೆಸೋ ಕಡ್ಡಿ ಒಂದೇ, ಅದೂ ಓಡಿಸೋರ ಮುಂದೆ. ಹೆಂಡತಿಗೆ ದಾರಿ ಯಾಕೆ ಕಾಣಬೇಕು ಅಂತ ಇರಬೇಕು.

ರಾಡ್ನಿ: ಗಾಡಿ ಅಂದ್ರೆ ಅದು.

ಮೇವಿಸ್: ಆಮೇಲೆ ಇದು ಬಂತು. ಹೀಟರ್, ರೇಡಿಯೋ. ಬಾಗಿಲು ತೆಗೆದ್ರೆ ಸೀಟು ಸೊಂಟಕ್ಕೆ ಸರಿಯಾಗಿ. ತಿರುಗಿ ಕೂತ್ರೆ ಆಯ್ತು. ಎಂಬತ್ತೈದರಲ್ಲಿ ನೀನು ಒಂದು ಗಾಡಿ ತಂದೆ, ಒಳಗೆ ಕಾರ್ಪೆಟ್ಟು. ನಿಮ್ಮಪ್ಪ ಬೂಟು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಹತ್ತಿದ್ರು.

ರಾಡ್ನಿ: ತಮಾಷೆಗೆ.

ಮೇವಿಸ್: ಬೇಜಾರಿಗೆ. ಅಲ್ಲಿಂದ ಇಲ್ಲೀವರೆಗೆ ನೀನು ಒಂದೊಂದು ಗಾಡಿ ತಂದಾಗಲೂ ಒಳಗೆ ಕೂರೋ ಜಾಗ ಬೆಳೀತು, ಹಿಂದಿನ ತೊಟ್ಟಿ ಕುಗ್ಗಿತು. ಆಗ ಮುಂದೆ ಇಬ್ಬರು ಅಂಟಿಕೊಂಡು ಕೂತ್ರೆ ಹಿಂದೆ ಎಂಟು ಹಂದಿ ಆರಾಮಾಗಿ ಹೋಗ್ತಿದ್ವು. ಈಗ ಐದು ಜನ ಕಾಲು ಚಾಚಿ ಕೂರಬಹುದು, ಹಂದಿಗೆ ಜಾಗ ಇಲ್ಲ.

ರಾಡ್ನಿ: ಆ ಗಾಡೀಲಿ ಹಂದಿ ಹಾಕ್ತಾರೇನಮ್ಮ?

ಮೇವಿಸ್: ನಾನೂ ಅದೇ ಕೇಳ್ತಿರೋದು. ಹಾಕದೆ ಇದ್ಮೇಲೆ ತೊಟ್ಟಿ ಯಾಕೆ?

ರಾಡ್ನಿ ಅಂಗಳದ ಕಡೆ ನೋಡಿದ. ಅವನ ಗಾಡಿಯ ತೊಟ್ಟಿಯಲ್ಲಿ ಆ ಹೊತ್ತು ಇದ್ದದ್ದು ಎರಡು ಮಡಿಸುವ ಕುರ್ಚಿ, ಅದರಡಿಗೆ ಗೀರು ಬೀಳದಿರಲೆಂದು ಹಾಸಿದ ರಬ್ಬರು.

ಮೇವಿಸ್: ಮಂಡಿ ಆಪರೇಷನ್ ಆದ ಮೇಲೆ ನಿನ್ನ ಗಾಡೀನೂ ಹತ್ತೋಕಾಗಲ್ಲ, ಅವರ ಗಾಡೀನೂ ಹತ್ತೋಕಾಗಲ್ಲ. ಅಟ್ಟಕ್ಕೆ ಏಣಿ ಇರತ್ತೆ, ಇವಕ್ಕೆ ಅದೂ ಇಲ್ಲ. ಹೋದ ಭಾನುವಾರ ಚರ್ಚಿನ ಮುಂದೆ ಏನಾಯ್ತು, ನೋಡಿದ್ಯಲ್ಲ? ಎಲ್ಡನ್ ಗಾಡಿ ಹತ್ತೋಕೆ ಹಾಲಿನ ಕ್ರೇಟು ಕೆಳಗಿಟ್ರು. ಪಾದ್ರಿಗಳು ಮೇಲಿಂದ ಎಳೆದ್ರು, ಎಲ್ಡನ್ ಕೆಳಗಿಂದ ನೂಕಿದ್ರು. ಹುಲ್ಲಿನ ಪೆಂಡಿ ಏರಿಸಿದ ಹಾಗೆ. ಮದುಮಗಳಾಗಿ ಇಡೀ ಊರಿನ ಎದುರು ಅದನ್ನ ಮತ್ತೆ ಮಾಡಲ್ಲ ನಾನು. ನನ್ನ ಕಾಲ ಮೇಲೆ ನಾನು ಹತ್ತೋ ಗಾಡಿ ಈ ಭೂಮಿ ಮೇಲೆ ಇರೋದು ಇದೊಂದೇ.

ರಾಡ್ನಿ: ವೋಸ್ ಓಡಿಸೋದಾದ್ರೆ ಕೀಲಿ ಕೊಡಲ್ಲ. ಬಲವಂತ ಮಾಡಿದ್ರೆ ನಾನು ಚರ್ಚಿಗೇ ಬರಲ್ಲ.

ಮೇವಿಸ್ ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಚರ್ಚಿನೊಳಕ್ಕೆ ಅವಳು ಮಗನ ತೋಳು ಹಿಡಿದು ನಡೆಯುವುದೆಂದು ಮಾತಾಗಿತ್ತು. ಬರಲ್ಲ ಎಂದ ಕೂಡಲೇ ರಾಡ್ನಿಗೂ ತಾನು ಅತಿ ಮಾಡಿದೆ ಅನ್ನಿಸಿತು. ಆದರೆ ಬ್ರಾಕ್‌ಮನ್ನರ ಮನೆಯಲ್ಲಿ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ರೂಢಿ ಇರಲಿಲ್ಲ.

ಅಷ್ಟರಲ್ಲಿ ದೂರದ ರಸ್ತೆಯಲ್ಲಿ, ಟಪಾಲು ಡಬ್ಬಿಯ ಪಕ್ಕ ಒಂದು ದೊಡ್ಡ ಗಾಡಿ ಬಂದು ನಿಂತಿತು. ಅದರಿಂದ ಎಪ್ಪತ್ತೊಂಬತ್ತು ವರ್ಷದ ಎಲ್ಡನ್ ವೋಸ್ ಮೊದಲು ಒಂದು ಕಾಲು, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಾಲು ಕೆಳಗಿಟ್ಟು, ಟೋಪಿ ಕೈಯಲ್ಲಿ ಹಿಡಿದು ಒಳಗೆ ನಡೆದುಬಂದ. ಆ ಕಂಪನಿಯ ಚಕ್ರ ಬ್ರಾಕ್‌ಮನ್ನರ ಅಂಗಳ ಮುಟ್ಟಕೂಡದು ಎನ್ನುವುದು ಹಾರ್ಲನ್‌ನ ಕಾಲದ ಕಟ್ಟಳೆ. ಎಲ್ಡನ್ ಅದನ್ನು ಒಮ್ಮೆಯೂ ಮುರಿದವನಲ್ಲ.

ಎಲ್ಡನ್: ಗಾಡಿ ಆಚೇನೇ ನಿಲ್ಲಿಸಿದೀನಪ್ಪ.

ರಾಡ್ನಿ: ಕಾಣ್ತಿದೆ. ಎಲ್ಲಿ ನಿಲ್ಲಿಸಿದ್ರೂ ಕಾಣತ್ತೆ.

ಎಲ್ಡನ್: ಏನಂತೆ ಮೇವಿಸ್? ಕೊಟ್ನಾ?

ಮೇವಿಸ್: ಕೊಡಲ್ವಂತೆ. ನಿಮ್ಮ ಕೈಯಲ್ಲಿ ಆ ಕಂಪನಿ ವಾಸನೆ ಇದ್ಯಂತೆ.

ಎಲ್ಡನ್: ಬೆಳಗ್ಗೆ ಸ್ನಾನ ಮಾಡಿದೀನಪ್ಪ.

ರಾಡ್ನಿ: ವೋಸ್ ಅವರೆ, ನಿಮ್ಮ ಮೇಲೆ ನನಗೆ ಏನೂ ಇಲ್ಲ. ಆದ್ರೆ ಈ ಗಾಡಿ ಅಂದ್ರೆ ನಿಮಗೆ ಗೊತ್ತಿಲ್ಲ. ಅಪ್ಪ ಹೋದ ಮೇಲೆ ತಿಂಗಳಿಗೊಂದ್ಸಲ ಬಂದು ಕೀಲಿ ತಿರುಗಿಸ್ತೀನಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ. ಹನ್ನೊಂದು ವರ್ಷ. ಬಾನೆಟ್ ಎತ್ತಿಲ್ಲ, ಒಂದು ಸ್ಪ್ಯಾನರ್ ಮುಟ್ಟಿಸಿಲ್ಲ. ನಮ್ಮ ಕಂಪನಿ ಇಂಜಿನ್ ಶಬ್ದ, ಕಣ್ಣು ಕಟ್ಟಿ ನಿಲ್ಲಿಸಿದ್ರೂ ನಾನು ಹೇಳ್ತೀನಿ.

ಎಲ್ಡನ್‌ಗೆ ಕೆಮ್ಮು ಬಂತು. ಮೇವಿಸ್ ಅವನ ಬೆನ್ನು ತಟ್ಟಿದಳು, ಸ್ವಲ್ಪ ಜೋರಾಗಿಯೇ.

ಎಲ್ಡನ್: ಏನೂ ಮುಟ್ಟಿಸಿಲ್ವಾ? ಬ್ಯಾಟರಿ?

ರಾಡ್ನಿ: ಅದೇ ಬ್ಯಾಟರಿ.

ಎಲ್ಡನ್: ಹನ್ನೊಂದು ವರ್ಷದಿಂದ?

ರಾಡ್ನಿ: ನಿಮ್ಮ ಕಂಪನಿಯವರಿಗೆ ಅದೆಲ್ಲ ಅರ್ಥ ಆಗಲ್ಲ ಬಿಡಿ.

ಎಲ್ಡನ್: ಮೇವಿಸ್, ಇಷ್ಟು ದಿನ ತಡ್ಕೊಂಡೆ. ಇನ್ನು ನನ್ನ ಕೈಲಾಗಲ್ಲ.

ಮೇವಿಸ್: ಸುಮ್ನಿರಿ.

ಎಲ್ಡನ್: ಅದು ನಾಲ್ಕನೇ ಬ್ಯಾಟರಿ ಕಣಪ್ಪ ರಾಡ್ನಿ.

ರಾಡ್ನಿ: ನಿಮಗೆ ಹೇಗೆ ಗೊತ್ತು?

ಎಲ್ಡನ್: ನಾನು ಬಂದುಹೋಗಿ ಮಾಡ್ತಿದ್ದೆ.

ರಾಡ್ನಿ: ಎಲ್ಲಿಗೆ?

ಎಲ್ಡನ್: ಇಲ್ಲಿಗೇ. ನೀನು ಹೊಲದಲ್ಲಿರೋ ಹೊತ್ತು ನೋಡ್ಕೊಂಡು.

ರಾಡ್ನಿಯ ಕಿವಿ ಕೆಂಪಾಯಿತು. ಬಾಗಿಲಿಗೆ ಚಾಚಿದ್ದ ಕೈಗಳು ತಾವಾಗಿಯೇ ಕೆಳಗಿಳಿದವು.

ರಾಡ್ನಿ: ಅಮ್ಮ, ಎಷ್ಟು ದಿನದಿಂದ ನಡೀತಿದೆ ಇದು?

ಮೇವಿಸ್: ನಿಮ್ಮಪ್ಪ ತೀರ್ಕೊಂಡ ವರ್ಷದಿಂದ.

ರಾಡ್ನಿ: ಅಪ್ಪ ತೀರ್ಕೊಂಡ ವರ್ಷದಿಂದಾನೇ? ವಾರಕ್ಕೆಷ್ಟು ಸಲ?

ಎಲ್ಡನ್: ವಾರಕ್ಕಲ್ಲಪ್ಪ, ವರ್ಷಕ್ಕೆ ಎರಡು ಸಲ. ಬಿತ್ತನೆ ಹೊತ್ತಿಗೊಂದು, ಕೊಯ್ಲಿನ ಹೊತ್ತಿಗೊಂದು.

ರಾಡ್ನಿ: ಎರಡೇ ಸಲ?

ಎಲ್ಡನ್: ಸಾಕು. ಹಳೇದಲ್ವಾ, ಓಡಾಟಾನೂ ಇಲ್ಲ.

ರಾಡ್ನಿ: ನಮ್ಮಮ್ಮನ್ನ ಹಳೇದು ಅಂತೀರಾ?

ಮೇವಿಸ್: ಇಂಜಿನ್ ಕಣೋ. ಆಯಿಲ್ ಬದಲಾಯಿಸೋಕೆ ಬರ್ತಿದ್ರು. ನಾನು ಟಾರ್ಚ್ ಹಿಡೀತಿದ್ದೆ, ಆಮೇಲೆ ಒಂದು ಲೋಟ ಕಾಫಿ ಕೊಡ್ತಿದ್ದೆ. ಆರು ವರ್ಷ ಬರೀ ಕಾಫಿ. ಏಳನೇ ವರ್ಷ ಒಂದು ತುಂಡು ಕೇಕು. ನಿನ್ನ ಮುಖ ಯಾಕೆ ಹಾಗಾಯ್ತು?

ರಾಡ್ನಿ: ಏನಿಲ್ಲ. ಬಾನೆಟ್ಟಿಗೆ ಬೀಗ ಇದ್ಯಲ್ಲ. ಹೇಗೆ ತೆಗೆದ್ರಿ?

ಬೀಗ ಇದ್ದದ್ದು ನಿಜ. ಮನೆಗೇ ಬೀಗ ಹಾಕದ, ಗಾಡಿಯ ಕೀಲಿಯನ್ನು ಗಾಡಿಯಲ್ಲೇ ಬಿಡುವ ಆ ಊರಿನಲ್ಲಿ ಹಾರ್ಲನ್ ಬಾನೆಟ್ಟಿಗೆ ತೂತು ಕೊರೆದು ಸರಪಳಿ ಹಾಕಿ ಬೀಗ ಜಡಿದಿದ್ದ. ಬ್ಯಾಟರಿ ಕಳ್ಳರ ಕಾಟ ಎಂದು ಹೇಳುತ್ತಿದ್ದ. ಆ ಕಳ್ಳರನ್ನು ಯಾರೂ ಕಂಡಿರಲಿಲ್ಲ.

ರಾಡ್ನಿ: ಆ ಬೀಗದ ಕೈ ಅಪ್ಪನ ಕೋಟಿನ ಜೇಬಲ್ಲಿತ್ತು. ಅವರ ಜೊತೆ ಮಣ್ಣಿಗೆ ಹೋಯ್ತು ಅಂದಿದ್ದೆ ನೀನು.

ಮೇವಿಸ್: ಮಣ್ಣಿಗೆ ಹೋಗಿದ್ದು ಗಡಿಯಾರ. ಬೀಗದ ಕೈ ಇಲ್ಲಿದೆ.

ಕೈಚೀಲದಿಂದ ಅವಳು ಪುಟ್ಟ ಹಿತ್ತಾಳೆ ಕೀಲಿ ತೆಗೆದಳು. ರಾಡ್ನಿ ಅದನ್ನು ಕಸಿದುಕೊಂಡು ಟಾರ್ಪಾಲು ಎಳೆದ. ಎಲ್ಡನ್ ಎರಡು ಹೆಜ್ಜೆ ಮುಂದೆ ಬಂದ.

ಎಲ್ಡನ್: ಬೇಡಪ್ಪ. ಹಾರ್ಲನ್‌ಗೆ ಮಾತು ಕೊಟ್ಟಿದೀನಿ.

ರಾಡ್ನಿ: ನನ್ನ ಅಪ್ಪ, ನನ್ನ ಗಾಡಿ. ನಿಮ್ಮ ಮಾತೇನು ಮಧ್ಯದಲ್ಲಿ?

ಬೀಗ ಎಣ್ಣೆ ಕಂಡಿತ್ತು, ಸಲೀಸಾಗಿ ತೆರೆಯಿತು. ಬಾನೆಟ್ ಮೇಲೆದ್ದಿತು. ರಾಡ್ನಿ ಬಗ್ಗಿ ನೋಡಿದ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದ.

ರಾಡ್ನಿ: ಅಮ್ಮ, ಇದು ಕಿತ್ತಳೆ ಬಣ್ಣ ಇದೆ.

ಮೇವಿಸ್: ಹೂಂ.

ರಾಡ್ನಿ: ನಮ್ಮ ಇಂಜಿನ್ನು ನೀಲಿ.

ಮೇವಿಸ್: ಹೂಂ.

ರಾಡ್ನಿ: ಈ ಬಣ್ಣ ಯಾರು ಹೊಡೆದ್ರು ಇದಕ್ಕೆ?

ಮೇವಿಸ್: ಯಾರೂ ಹೊಡೀಲಿಲ್ಲ. ಅದು ಹುಟ್ಟಿದ್ದೇ ಹಾಗೆ.

ಕಿತ್ತಳೆ ಯಾವ ಕಂಪನಿಯ ಬಣ್ಣ ಎನ್ನುವುದು ಆ ಊರಿನ ಹಸುಗೂಸಿಗೂ ಗೊತ್ತು. ರಾಡ್ನಿ ಕೆಳಗೆ ಕೂರಲು ಜಾಗ ಹುಡುಕಿದ. ಎಲ್ಡನ್ ಒಂದು ಬಕೆಟ್ಟು ಬೋರಲು ಹಾಕಿ ಅವನ ಕೆಳಗೆ ಸರಿಸಿದ.

ಎಲ್ಡನ್: ಎಪ್ಪತ್ನಾಲ್ಕರ ಜುಲೈ. ನಿಮ್ಮಪ್ಪ ಆಯಿಲ್ ಬದಲಾಯಿಸಿ ಕೆಳಗಿನ ಬಿರಡೆ ಹಾಕೋದು ಮರೆತುಬಿಟ್ರು. ಹುಲ್ಲು ತುಂಬಿಕೊಂಡು ಹೊರಟ್ರು, ಆರು ಮೈಲಿ ಹೋಗೋಷ್ಟರಲ್ಲಿ ಆಯಿಲ್ ಎಲ್ಲ ಸೋರಿ ಇಂಜಿನ್ ಕಚ್ಕೊಂಡು ನಿಂತೋಯ್ತು.

ರಾಡ್ನಿ: ಅಪ್ಪ ಮರೆತ್ರಾ? ಬಿರಡೆ ಮೂರು ಸಲ ಮುಟ್ಟಿ ನೋಡ್ಬೇಕು ಅಂತ ನನಗೆ ಕಿವಿ ಹಿಂಡಿ ಕಲಿಸಿದ್ರು.

ಮೇವಿಸ್: ಆವತ್ತಿಂದ ಮೂರು ಸಲ. ಅದಕ್ಕೆ ಮುಂಚೆ ಒಂದು ಸಲಾನೂ ಇಲ್ಲ.

ಎಲ್ಡನ್: ನನ್ನ ಮನೇಲಿ ಹಸುಗೆ ಗುದ್ದಿ ಮೂತಿ ಮುರ್ಕೊಂಡ ಒಂದು ಗಾಡಿ ಬಿದ್ದಿತ್ತು. ಇಂಜಿನ್ ಚೆನ್ನಾಗಿತ್ತು. ನಿಮ್ಮಪ್ಪ ಹೊಲದ ಹಿಂದಿನಿಂದ ನಡ್ಕೊಂಡೇ ಬಂದು ಕೇಳಿದ್ರು. ಕೇಳೋವಾಗ ನನ್ನ ಮುಖ ನೋಡಲಿಲ್ಲ, ನಾಯಿ ಕಡೆ ನೋಡ್ತಿದ್ರು.

ಮೇವಿಸ್: ನಾಲ್ಕು ದಿನ ಇದೇ ಶೆಡ್ಡಿನ ಬಾಗಿಲು ಹಾಕ್ಕೊಂಡು ಇಬ್ಬರೂ ಅದನ್ನ ಇದಕ್ಕೆ ಕೂರಿಸಿದ್ರು. ಇಂಜಿನ್ ಎತ್ತೋ ಸರಪಳಿ ಎಳೆದೋಳು ನಾನು.

ರಾಡ್ನಿ: ನಾನೆಲ್ಲಿದ್ದೆ?

ಮೇವಿಸ್: ಬೈಬಲ್ ಶಿಬಿರಕ್ಕೆ ಹೋಗಿದ್ದೆ. ಎಂಟು ವರ್ಷ ನಿನಗೆ. ವಾಪಸು ಬಂದು ಗಾಡಿ ಹತ್ತಿ ಏನಂದೆ ಗೊತ್ತಾ? 'ಅಪ್ಪ, ನಮ್ಮ ಇಂಜಿನ್ ಮುಂಚೆಗಿಂತ ಚೆನ್ನಾಗಿ ಕೂಗ್ತಿದೆ' ಅಂದೆ. ನಿಮ್ಮಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎಲ್ಡನ್ ನಗು ತಡೆಯಲು ಟೋಪಿಯನ್ನು ಮುಖಕ್ಕೆ ಹಿಡಿದ.

ರಾಡ್ನಿ: ಇಷ್ಟು ಕಷ್ಟ ಯಾಕೆ? ಇದನ್ನ 'ಆ ಕಂಪನಿ'ಗೆ ಒಪ್ಪಿಸೋ ಬದಲು ಗುಜರಿಗೆ ಹಾಕಿ ಬೇರೆ ತರಬಹುದಿತ್ತಲ್ಲ.

ಮೇವಿಸ್: ನಾನೂ ಅದೇ ಅಂದೆ. 'ರಾಡ್ನಿ ಜೊತೆ ಬಂದ ಗಾಡಿ ಕಣೇ. ಶಿಬಿರದಿಂದ ಬಂದು ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಲಿ?' ಅಂದ್ರು.

ಅಪ್ಪನಿಗೆ ತನಗಿಂತ ಆ ಗಾಡಿಯೇ ಹೆಚ್ಚು ಎಂದು ರಾಡ್ನಿ ಚಿಕ್ಕಂದಿನಿಂದ ನಂಬಿಕೊಂಡಿದ್ದ. ಆ ನೋವು ಐವತ್ತೆರಡರಲ್ಲೂ ಹಾಗೇ ಇತ್ತು. ತನ್ನ ಸಲುವಾಗಿ ಅಪ್ಪ ಎಲ್ಡನ್ ವೋಸ್‌ನ ಅಂಗಳಕ್ಕೆ ನಡೆದು ಹೋಗಿ, ನಾಯಿಯ ಮುಖ ನೋಡುತ್ತಾ ಬೇಡಿದ್ದನ್ನು ನೆನೆಸಿಕೊಂಡು ಅವನು ಜೋರಾಗಿ ಮೂಗು ಸೀಟಿದ.

ರಾಡ್ನಿ: ಅದಕ್ಕೆ ಬದಲಿಗೆ ಅಪ್ಪ ಏನು ಕೊಟ್ರು ನಿಮಗೆ?

ಎಲ್ಡನ್: ಅದೆಲ್ಲ ಯಾಕೀಗ.

ಮೇವಿಸ್: ಹೇಳಿಬಿಡಿ. ನಮ್ಮ ಮನೆ ಮರ್ಯಾದೆ ಒಂದೇ ಹೋಗೋದು ಯಾಕೆ?

ಎಲ್ಡನ್: ಮುಂದಿನ ವರ್ಷ ನಾನು ಜೋಳ ಅತಿಯಾಗಿ ಹೇರಿ ಹಿಂದಿನ ಚಕ್ರಗಳ ಆಕ್ಸಲ್ ಮುರ್ಕೊಂಡೆ. ನಿಮ್ಮ ಮರಗಳ ಹಿಂದೆ ಒಂದು ಗುಜರಿ ಗಾಡಿ ನಿಂತಿತ್ತಲ್ಲ, ಅದರ ಆಕ್ಸಲ್ ಬಿಚ್ಚಿ ಕೊಟ್ರು. ಆ ಗಾಡಿ ಇಪ್ಪತ್ತಾರು ವರ್ಷ ಓಡಿಸಿದೆ. ನಮ್ಮಪ್ಪನಿಗೂ ಹೇಳಲಿಲ್ಲ, ತಮ್ಮಂದಿರಿಗೂ ಹೇಳಲಿಲ್ಲ. ಗೊತ್ತಾಗಿದ್ರೆ ಮನೆಯಿಂದ ಆಚೆ ಹಾಕ್ತಿದ್ರು.

ರಾಡ್ನಿ: ನಿಮ್ಮದು ಓಡಿದ್ದು ನಮ್ಮ ಆಕ್ಸಲ್ ಮೇಲೆ?

ಎಲ್ಡನ್: ಬೇಲಿ ಪಕ್ಕ ಹೋಗೋವಾಗೆಲ್ಲ ನಿಮ್ಮಪ್ಪ ಟೋಪಿ ಎತ್ತಿ ನಮಸ್ಕಾರ ಹೇಳೋರು. ನನಗಲ್ಲ, ಆಕ್ಸಲ್‌ಗೆ.

ರಾಡ್ನಿ ಬಕೆಟ್ಟಿನ ಮೇಲಿಂದ ಎದ್ದ. ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಸರಪಳಿ ಹಾಕಿ, ಬೀಗ ಒತ್ತಿ, ಬಿಗಿಯಾಯಿತೇ ಎಂದು ಎಳೆದು ನೋಡಿದ. ಸೊಂಟದ ಗೊಂಚಲಿನಿಂದ ಗಾಡಿಯ ಕೀಲಿ ಬಿಚ್ಚಿ ಎಲ್ಡನ್‌ನ ಅಂಗೈಯಲ್ಲಿಟ್ಟ.

ರಾಡ್ನಿ: ಅಮ್ಮ, ಶನಿವಾರ ಎಷ್ಟು ಹೊತ್ತಿಗೆ ಬಂದು ನಿನ್ನ ತೋಳು ಹಿಡೀಲಿ?

ಮೇವಿಸ್: ಒಂದೂವರೆಗೆ. ಬೂಟಿನ ಕೆಸರು ತೊಳ್ಕೊಂಡು ಬಾ.

ರಾಡ್ನಿ: ವೋಸ್ ಅವರೆ, ನಿಮಗೆ ಒಂದೇ ಷರತ್ತು. ಗಾಡಿ ನಡುಬೀದೀಲಿ ಕೆಟ್ಟು ನಿಂತ್ರೂ ಜನರ ಎದುರು ಬಾನೆಟ್ ಎತ್ತಕೂಡದು.

ಎಲ್ಡನ್: ಕೆಟ್ಟು ನಿಲ್ಲತ್ತಾ? ಒಳಗಿರೋದು ನಮ್ಮ ಇಂಜಿನ್ ಕಣಪ್ಪ.

ರಾಡ್ನಿ: ಅದನ್ನ ಇಷ್ಟು ವರ್ಷ ಹೊತ್ತು ಸಾಕಿದ್ದು ನಮ್ಮ ಗಾಡಿ.

ಎಲ್ಡನ್: ನಮ್ಮ ಇಂಜಿನ್ ಎಳೀದೇ ಇದ್ದಿದ್ರೆ ನಿಮ್ಮ ಗಾಡೀಲಿ ಕೋಳಿ ಮೊಟ್ಟೆ ಇಡ್ತಿದ್ವು.

ರಾಡ್ನಿ: ನಮ್ಮ ಆಕ್ಸಲ್ ಇಲ್ದೇ ಇದ್ದಿದ್ರೆ ನಿಮ್ಮದು ಮೂತಿ ಮೇಲೆ ಮಾಡ್ಕೊಂಡು ಮಲಗಿರ್ತಿತ್ತು.

ಇಬ್ಬರ ಮಾತೂ ಏರುತ್ತಿದ್ದಂತೆ ಮೇವಿಸ್ ಗಾಡಿಯ ಬಾಗಿಲು ತೆಗೆದಳು. ಯಾರ ಕೈಯನ್ನೂ ಹಿಡಿಯದೆ ತಿರುಗಿ ಸೀಟಿನ ಮೇಲೆ ಕೂತಳು, ಕಾಲು ಒಳಗೆಳೆದುಕೊಂಡಳು.

ಮೇವಿಸ್: ಮುಗೀತಾ ಇಬ್ಬರದೂ? ಈ ಎರಡು ಮನೆ ಸಂಬಂಧ ನಲವತ್ನಾಲ್ಕು ವರ್ಷದ ಹಿಂದೇನೇ ಇದೇ ಶೆಡ್ಡಲ್ಲಿ, ಬಾಗಿಲು ಹಾಕ್ಕೊಂಡು ಆಗಿಹೋಗಿದೆ. ಶನಿವಾರ ಇರೋದು ಬರೀ ಊಟ.